‘ಐ ಆಮ್ ನಾಟ್ ಇನ್ ಲವ್’ ಹಾಡಿನ ಹಿಂದೆ ಇರೋದು ಯಾರ ದನಿ?

ಪ್ರಶ್ನೆ: ಟೆನ್‌ಸಿಸಿ ತಂಡದ ‘ಐ ಆಮ್ ನಾಟ್ ಇನ್ ಲವ್’ ನಮ್ಮಪ್ಪನ ಮೆಚ್ಚಿನ ಹಾಡು. ಹಾಡುವವನ ಹಿಂದೆ ಒಂದು ‘ಆ...’ ಉದ್ದಕ್ಕೂ ತೇಲುತ್ತಿರುತ್ತದೆ. ಅದು ಕೋರಸ್ಸಾ, ಕೀಬೋರ್ಡಾ? ಅಪ್ಪ ಇದು ನಂಬರ್ ಒನ್ ಹಾಡು ಅನ್ನುತ್ತಾರೆ, ನನ್ನ ಗೆಳತಿ ಅಲ್ಲ ಅನ್ನುತ್ತಾಳೆ. ಯಾರು ಸರಿ?

ಉತ್ತರ: ಕೀಬೋರ್ಡ್ ಅಲ್ಲ, ದೊಡ್ಡ ಕೋರಸ್ ತಂಡವೂ ಅಲ್ಲ. ಅದು ಮೂರೇ ಜನರ ಗಂಟಲು!

ಮೊದಲು ಹಾಡು ಹುಟ್ಟಿದ ಕಥೆ ಹೇಳಿಬಿಡುತ್ತೇನೆ. ‘ಪ್ರೀತಿಸ್ತೀನಿ ಅಂತ ನೀವು ಬಾಯಿಬಿಟ್ಟು ಹೇಳೋದೇ ಕಡಿಮೆ’ ಎಂದು ತಂಡದ ಗಾಯಕ ಎರಿಕ್ ಸ್ಟುವರ್ಟ್‌ಗೆ ಹೆಂಡತಿಯ ದೂರು. ದಿನಾ ಅದನ್ನೇ ಹೇಳಿದರೆ ಮಾತು ಸವೆದುಹೋಗುತ್ತದೆ ಅನ್ನೋದು ಅವರ ಯೋಚನೆ. ಹಾಗಾಗಿ ‘ನನಗೇನೂ ಪ್ರೀತಿ ಇಲ್ಲ’ ಎನ್ನುತ್ತಲೇ ಸಾಲು ಸಾಲಿಗೂ ಸಿಕ್ಕಿಬೀಳುವ ಗಂಡಸಿನ ಹಾಡು ಬರೆದರು. ಜೊತೆಗೆ ಬರೆದವರು ಗ್ರಹಾಂ ಗೌಲ್ಡ್‌ಮನ್. ಅವಳ ಫೋಟೋ ಗೋಡೆಗೆ ಹಾಕಿಕೊಂಡು, ಕಲೆ ಮುಚ್ಚೋಕೆ ಅಷ್ಟೇ ಅನ್ನುತ್ತಾನಲ್ಲ, ಆ ಜಾಗ ಬಂದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಮೊದಲು ಇದನ್ನು ಬ್ರೆಜಿಲ್‌ನ ಬೋಸಾ ನೋವಾ ತಾಳದಲ್ಲಿ ರೆಕಾರ್ಡ್ ಮಾಡಿದ್ದರು. ತಂಡದ ಇನ್ನಿಬ್ಬರಿಗೆ, ಕೆವಿನ್ ಗಾಡ್ಲಿ ಮತ್ತು ಲಾಲ್ ಕ್ರೀಮ್‌ಗೆ, ಅದು ಹಿಡಿಸಲಿಲ್ಲ. ಟೇಪನ್ನೇ ಅಳಿಸಿಬಿಟ್ಟರು. ಆದರೆ ಸ್ಟುಡಿಯೋ ಕೆಲಸದವರು ಓಡಾಡುತ್ತಾ ಅದೇ ಧಾಟಿ ಗುನುಗುತ್ತಿದ್ದರಂತೆ. ಅದು ಕಿವಿಗೆ ಬಿದ್ದು ಮತ್ತೆ ಕೈಗೆತ್ತಿಕೊಂಡರು. ಈ ಸಲ ವಾದ್ಯಗಳನ್ನು ಹಿಂದೆ ಸರಿಸಿ, ದನಿಗಳಿಂದಲೇ ಹಾಡು ಕಟ್ಟೋಣ ಎಂದವರು ಗಾಡ್ಲಿ. ಟೇಪ್ ಲೂಪ್, ಅಂದರೆ ಕೊನೆಯಿಲ್ಲದೆ ಸುತ್ತುವ ಟೇಪಿನ ಬಳೆ, ಬಳಸೋಣ ಎಂದವರು ಕ್ರೀಮ್.

ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್‌ನಲ್ಲಿದ್ದ ಸ್ಟ್ರಾಬೆರಿ ಸ್ಟುಡಿಯೋದಲ್ಲಿ ಮೂರು ವಾರ ಇದೇ ಕೆಲಸ. ಗೌಲ್ಡ್‌ಮನ್, ಗಾಡ್ಲಿ, ಕ್ರೀಮ್ ಮೂವರೂ ಮೈಕ್ ಮುಂದೆ ನಿಂತು ಒಂದೇ ಸ್ವರಕ್ಕೆ ‘ಆ’ ಎಂದು 16 ಸಲ ಹಾಡುವುದು. ಅಂದರೆ ಸ್ವರಕ್ಕೆ 48 ದನಿ. ಆಮೇಲೆ ಮುಂದಿನ ಸ್ವರ, ಅದರ ಮುಂದಿನದು. ಎಲ್ಲಾ ಸೇರಿದರೆ 600ರ ಆಸುಪಾಸು ದನಿ.

ಹೀಗೆ ಕೂಡಿಸಿದ ಪ್ರತಿ ಸ್ವರದ ಟೇಪನ್ನು ಕತ್ತರಿಸಿ, ತುದಿಗೆ ತುದಿ ಅಂಟಿಸಿ ಬಳೆಯ ಹಾಗೆ ಮಾಡಿದರು. ಸುತ್ತುತ್ತಾ ಇದ್ದರೆ ಸ್ವರಕ್ಕೆ ಕೊನೆಯೇ ಇಲ್ಲ, ಉಸಿರು ತಗೊಳ್ಳೋ ಗೋಜೂ ಇಲ್ಲ. ಆದರೆ ಅಂಟಿಸಿದ ಜಾಗ ಬಂದಾಗ ಸಣ್ಣಗೆ ‘ಟಿಕ್’ ಅನ್ನುತ್ತದೆ. ಅದು ಪದೇ ಪದೇ ಬರಬಾರದು ಎಂದು ಬಳೆಯನ್ನು ಸುಮಾರು 12 ಅಡಿ ಉದ್ದ ಮಾಡಿದರು. ಅಷ್ಟುದ್ದದ ಟೇಪು ಮೆಷಿನ್ನಿನಲ್ಲಿ ಹಿಡಿಸಲ್ಲ, ಅಲ್ವಾ? ಆಚೆ ಮೈಕ್ ಸ್ಟ್ಯಾಂಡ್ ನಿಲ್ಲಿಸಿ ಅದನ್ನು ಬಳಸಿ ತಿರುಗಿಸಿದರು.

ಈ ಸ್ವರಗಳನ್ನೆಲ್ಲ 16 ಟ್ರ್ಯಾಕಿನ ಟೇಪಿಗೆ ಒಂದೊಂದಾಗಿ ಇಳಿಸಿಕೊಂಡ ಮೇಲೆ, ದನಿಗಳನ್ನು ಬೆರೆಸುವ ಮಿಕ್ಸರ್ ಮೇಲಿನ ಒಂದೊಂದು ಫೇಡರೂ (ದನಿ ಏರಿಸಿ ಇಳಿಸಲು ಸರಿಸುವ ಗುಂಡಿ) ಹಾರ್ಮೋನಿಯಂನ ಒಂದೊಂದು ಮನೆ ಇದ್ದ ಹಾಗೆ. ನಾಲ್ವರೂ ಮಿಕ್ಸರ್‌ಗೆ ಕೈ ಹಚ್ಚಿ, ಹಾಡು ಸಾಗಿದಂತೆ ಬೇಕಾದ ಸ್ವರ ಏರಿಸುತ್ತಾ, ಬೇಡದ್ದು ಇಳಿಸುತ್ತಾ ಹೋದರು. ಪೂರ್ತಿ ಇಳಿಯದಂತೆ ಫೇಡರ್‌ಗಳ ಕೆಳಗೆ ಗಮ್ ಟೇಪು ಅಂಟಿಸಿದ್ದರು. ಹಾಗಾಗಿ ಎಲ್ಲ ಸ್ವರಗಳೂ ತೀರಾ ಸಣ್ಣಗೆ ಉದ್ದಕ್ಕೂ ಉಸಿರಾಡುತ್ತಲೇ ಇರುತ್ತವೆ. ನಿಮಗೆ ಕೇಳುವ ತೇಲಾಟ ಅದೇ. ಅದರ ಕೆಳಗೆ ಫೆಂಡರ್ ರೋಡ್ಸ್ ಪಿಯಾನೋ, ಗಿಟಾರ್, ಮೂಗ್ ಎಂಬ ಸಿಂಥಸೈಜರ್‌ನಲ್ಲಿ ಎದೆಬಡಿತದಂಥ ಪೆಟ್ಟು.

ಹಾಡಿನ ನಡುವೆ ಪಿಸುಗುಡುವ ಹೆಂಗಸಿನ ದನಿ ಸ್ಟುಡಿಯೋದ ಸೆಕ್ರೆಟರಿ ಕ್ಯಾಥಿ ರೆಡ್‌ಫರ್ನ್ ಅವರದು. ಸ್ಟುವರ್ಟ್‌ಗೆ ಫೋನ್ ಬಂದಿದೆ ಎಂದು ಮೆಲ್ಲಗೆ ಹೇಳಲು ಒಳಗೆ ಬಂದಿದ್ದರು. ‘ಇದೇ ದನಿ ಬೇಕು’ ಅಂದರು ಕ್ರೀಮ್.

ಈಗ ಚಾರ್ಟಿನ ವಿಷಯ. 1975ರ ಮೇ ತಿಂಗಳಲ್ಲಿ ಸಿಂಗಲ್, ಅಂದರೆ ಈ ಹಾಡಿನದೇ ಬಿಡಿ ರೆಕಾರ್ಡ್, ಬಂತು. ಜೂನ್ ಕೊನೆಯಲ್ಲಿ ಬ್ರಿಟನ್‌ನಲ್ಲಿ ನಂಬರ್ ಒನ್, ಎರಡು ವಾರ. ಅಲ್ಲಿಗೆ ನಿಮ್ಮ ತಂದೆ ಸರಿ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮಾತ್ರ ಮೂರು ವಾರ ಎರಡನೇ ಸ್ಥಾನದಲ್ಲೇ ಕೂತಿತು. ಮೂರೂ ವಾರ ತಡೆದದ್ದು ಬೇರೆ ಬೇರೆ ಹಾಡು: ಮೊದಲು ವ್ಯಾನ್ ಮೆಕಾಯ್ ಅವರ ‘ದಿ ಹಸಲ್’, ಆಮೇಲೆ ಈಗಲ್ಸ್ ತಂಡದ ‘ಒನ್ ಆಫ್ ದೀಸ್ ನೈಟ್ಸ್’, ಕೊನೆಗೆ ಬೀ ಜೀಸ್‌ನ ‘ಜೈವ್ ಟಾಕಿನ್’. ಒಂದು ಇಳಿದರೆ ಇನ್ನೊಂದು ಹತ್ತಿ ಕೂರುತ್ತಿತ್ತು. ಅಮೆರಿಕದ ಮಟ್ಟಿಗೆ ನಿಮ್ಮ ಗೆಳತಿಯೇ ಸರಿ.

ಅಮೆರಿಕದ ಸಿಂಗಲ್‌ನಲ್ಲಿ ಹಾಡನ್ನು 4 ನಿಮಿಷದೊಳಗೆ ಕತ್ತರಿಸಿದ್ದರು. ನೀವು ಕೇಳುವುದಾದರೆ ಸುಮಾರು 6 ನಿಮಿಷದ ಪೂರ್ತಿ ಹಾಡನ್ನೇ, ಹೆಡ್‌ಫೋನ್ ಹಾಕಿಕೊಂಡು, ಅಪ್ಪನ ಪಕ್ಕ ಕೂತು ಕೇಳಿ.