ಫುಟ್‌ಬಾಲ್ ಆಟಗಾರ ಡಿಯಾಗೊ ಫೋರ್ಲಾನ್ ನಿಜಕ್ಕೂ ದೊಡ್ಡ ಸ್ಟ್ರೈಕರ್ (ಗೋಲು ಹೊಡೆಯುವ ಮುಂಚೂಣಿ ಆಟಗಾರ) ಆಗಿದ್ದರಾ? ಮ್ಯಾಂಚೆಸ್ಟರ್‌ನಲ್ಲಿ ಗೋಲು ಹೊಡೆಯಲು ಒದ್ದಾಡಿದವರಲ್ವಾ?

ಹೌದು, ಒದ್ದಾಡಿದ್ದು ನಿಜ. 2002ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದ ಈ ಉರುಗ್ವೆ ಆಟಗಾರನ ಮೊದಲ ಗೋಲಿಗೆ ಸುಮಾರು 8 ತಿಂಗಳು ಬೇಕಾಯಿತು. ಅದೂ ಪೆನಾಲ್ಟಿಯಲ್ಲಿ!

ಆದರೆ ಅಷ್ಟನ್ನೇ ನೋಡಿ ಅಳೆಯಬೇಡಿ. ಸ್ಪೇನ್‌ಗೆ ಹೋದ ಮೇಲೆ ಆಟವೇ ಬದಲಾಯಿತು. ವಿಯಾರಿಯಲ್ ಪರ 2004-05ರ ಲೀಗ್‌ನಲ್ಲಿ 25 ಗೋಲು, ಅಟ್ಲೆಟಿಕೊ ಮ್ಯಾಡ್ರಿಡ್ ಪರ 2008-09ರಲ್ಲಿ 32. ಎರಡು ಕಾಲಲ್ಲೂ ಒಂದೇ ಜೋರಿನಲ್ಲಿ, ದೂರದಿಂದಲೇ ಹೊಡೆಯುತ್ತಿದ್ದರು.

2010ರ ವಿಶ್ವಕಪ್‌ನಲ್ಲಿ 5 ಗೋಲು ಹೊಡೆದು, ಟೂರ್ನಿಯ ಶ್ರೇಷ್ಠ ಆಟಗಾರನಿಗೆ ಕೊಡುವ ಗೋಲ್ಡನ್ ಬಾಲ್ ಗೆದ್ದರು. ನನಗೆ ಜಾಸ್ತಿ ನೆನಪಿರುವುದು ಗೋಲಾಗದ ಒಂದು ಹೊಡೆತ. ಮೂರನೇ ಸ್ಥಾನದ ಪಂದ್ಯ, ಜರ್ಮನಿ 3-2 ಮುಂದಿತ್ತು. ಕೊನೇ ಕ್ಷಣದ ಫ್ರೀ ಕಿಕ್. ಚೆಂಡು ಆಟಗಾರರ ಗೋಡೆ ದಾಟಿ, ಕ್ರಾಸ್‌ಬಾರ್‌ಗೆ ಬಡಿದು ಆಚೆ ಹಾರಿತು. ಆಟ ಮುಗಿಯಿತು.

ಮರುವರ್ಷ ದಕ್ಷಿಣ ಅಮೆರಿಕದ ದೇಶಗಳ ಟೂರ್ನಿ ಕೋಪಾ ಅಮೆರಿಕದ ಫೈನಲ್‌ನಲ್ಲಿ ಪರಾಗ್ವೆ ವಿರುದ್ಧ 2 ಗೋಲು. ಅಪ್ಪನೂ ತಾಯಿಯ ತಂದೆಯೂ ಗೆದ್ದಿದ್ದ ಕಪ್ ಅದು.

ಅಂದ ಹಾಗೆ, 2016ರಲ್ಲಿ ನಮ್ಮ ಇಂಡಿಯನ್ ಸೂಪರ್ ಲೀಗ್‌ಗೂ (ಐಎಸ್‌ಎಲ್) ಬಂದಿದ್ದರು. ಮುಂಬೈ ಸಿಟಿ ಪರ, ಕೇರಳ ಬ್ಲಾಸ್ಟರ್ಸ್ ಮೇಲೆ ಹ್ಯಾಟ್ರಿಕ್. ಆಗ ವಯಸ್ಸು 37!