ಏಜೆಂಟ್‌ಗಳ ಜಗಳಕ್ಕೆ ಸರಾಸರಿ ಮದ್ದಲ್ಲ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಯಂತ್ರದ ಭಾಗವೊಂದನ್ನು ವಿನ್ಯಾಸ ಮಾಡಲು ಮೂರು ಸಾಫ್ಟ್‌ವೇರ್ ಏಜೆಂಟ್‌ಗಳನ್ನು, ಅಂದರೆ ತಮಗೆ ವಹಿಸಿದ ಕೆಲಸದಲ್ಲಿ ತಾವೇ ನಿರ್ಧಾರ ತೆಗೆದುಕೊಳ್ಳುವ ಪ್ರೋಗ್ರಾಮುಗಳನ್ನು, ಕೂರಿಸಿದ್ದೀರಿ. ಒಂದು ಬರೆದ ಅಳತೆಯನ್ನು ಇನ್ನೊಂದು ಅಳಿಸಿ ತನ್ನದನ್ನು ಬರೆಯುತ್ತದೆ. ಎಷ್ಟು ಸುತ್ತು ಓಡಿಸಿದರೂ ಮುಗಿಯುತ್ತಿಲ್ಲ. ಪ್ರತಿ ಏಜೆಂಟ್‌ಗೂ ಇಂತಿಷ್ಟು ಅಂಕ ಅಂತ ಕೊಟ್ಟು, ಸರಾಸರಿ ತೆಗೆದುಬಿಟ್ಟರೆ ಸಾಕಾ ಅಂತ ಕೇಳಿದ್ದೀರಿ.

ಸಾಕಾಗುವುದಿಲ್ಲ. ನಾನೂ ಮೊದಲು ಅದನ್ನೇ ಮಾಡಿದ್ದೆ, ಹಾಗಾಗಿ ನಡೆದದ್ದನ್ನೇ ಹೇಳುತ್ತೇನೆ.

ನಮ್ಮದು ಒಂದು ಶಾಫ್ಟ್, ಅಂದರೆ ಯಂತ್ರದಲ್ಲಿ ತಿರುಗುವ ದಂಡ. ಅದು ಬಾಗದಂತೆ ನೋಡಿಕೊಳ್ಳಲು ಒಂದು ಏಜೆಂಟ್, ತೂಕ ಮಿತಿ ಮೀರದಂತೆ ಕಾಯಲು ಒಂದು, ಬೇರಿಂಗ್ (ಶಾಫ್ಟ್ ಸಲೀಸಾಗಿ ತಿರುಗಲು ಅದನ್ನು ಹಿಡಿದಿಡುವ ಬಳೆ) ಆರಿಸಲು ಇನ್ನೊಂದು. ರಾತ್ರಿ ಓಡಲು ಬಿಟ್ಟು ಬೆಳಿಗ್ಗೆ ಬಂದು ಲಾಗ್ (ನಡೆದದ್ದರ ದಾಖಲೆ) ನೋಡಿದರೆ ಉದ್ದಕ್ಕೂ 40, 35, 40, 35 ಅಂತ ಅವೇ ಎರಡು ಸಂಖ್ಯೆ. ಬಾಗದಂತೆ ನೋಡುವ ಏಜೆಂಟ್‌ನ ಲೆಕ್ಕದಲ್ಲಿ ಶಾಫ್ಟ್‌ನ ವ್ಯಾಸ ಕನಿಷ್ಠ 39 ಮಿ.ಮೀ. ಇರಬೇಕು. ಮಾಮೂಲಿ ಬೇರಿಂಗ್‌ಗಳ ಒಳವ್ಯಾಸ 20 ಮಿ.ಮೀ. ದಾಟಿದ ಮೇಲೆ ಹೆಚ್ಚಾಗಿ ಐದೈದರ ಲೆಕ್ಕದಲ್ಲಿ ಏರುತ್ತದೆ, ಹಾಗಾಗಿ 40. ತೂಕದ ಏಜೆಂಟ್ 35ಕ್ಕಿಂತ ಒಂದಿಷ್ಟೂ ಮೇಲೆ ಹೋಗಲು ಬಿಡುತ್ತಿರಲಿಲ್ಲ.

ಸರಿ, ನಡುವಿನದ್ದು ಇರಲಿ ಅಂತ 37.5 ಇಟ್ಟೆ. ಲೆಕ್ಕ ಹಾಕಿ ನೋಡಿ. ಶಾಫ್ಟ್‌ನ ಗಟ್ಟಿತನ, ಅಂದರೆ ಬಾಗದೆ ನಿಲ್ಲುವ ಗುಣ, ವ್ಯಾಸದ ನಾಲ್ಕನೇ ಘಾತದ ಜೊತೆ ಏರುತ್ತದೆ, ತೂಕ ವರ್ಗದ ಜೊತೆ ಏರುತ್ತದೆ. 37.5ರಲ್ಲಿ ಗಟ್ಟಿತನ ಬೇಕಾದದ್ದಕ್ಕಿಂತ ಸುಮಾರು ಶೇ. 15 ಕಡಿಮೆ. ತೂಕ ಮಿತಿಗಿಂತ ಸುಮಾರು ಶೇ. 15 ಜಾಸ್ತಿ. ಆ ಅಳತೆಗೆ ಅಂಗಡಿಯಲ್ಲಿ ಸಿಗುವ ಬೇರಿಂಗ್ ಕೂಡ ಇಲ್ಲ. ಮೂವರಿಗೂ ಬೇಡವಾದ ಶಾಫ್ಟ್ ಅದು. ಹಣ ಹಂಚುವಾಗ ಅರ್ಧರ್ಧ ಮಾಡಿಕೊಳ್ಳಬಹುದು, ಕಬ್ಬಿಣದಲ್ಲಿ ಆ ದಾರಿ ಎಷ್ಟೋ ಸಲ ನಡೆಯುವುದಿಲ್ಲ.

ಬಗೆಹರಿದದ್ದು ಬೇರೆ ದಾರಿಯಲ್ಲಿ. ‘ನಿನ್ನ ಸಂಖ್ಯೆ ಎಷ್ಟು’ ಅಂತ ಕೇಳುವುದನ್ನು ಬಿಟ್ಟು ‘ಆ ಸಂಖ್ಯೆ ಯಾಕೆ ಬೇಕು’ ಅಂತ ಕೇಳುವ ಹಾಗೆ ಏಜೆಂಟ್‌ಗಳನ್ನು ಬದಲಾಯಿಸಿದೆವು. ಆಗ ಗೊತ್ತಾಯಿತು, ಯಾರಿಗೂ ವ್ಯಾಸದ ಮೇಲೆ ಹಟ ಇರಲಿಲ್ಲ. ಒಬ್ಬರಿಗೆ ಬಾಗಬಾರದು, ಇನ್ನೊಬ್ಬರಿಗೆ ಭಾರ ಆಗಬಾರದು, ಅಷ್ಟೇ. ಶಾಫ್ಟ್‌ನ ನಡುಮಧ್ಯದ ಲೋಹ ಬಾಗುವುದನ್ನು ತಡೆಯಲು ಹೆಚ್ಚೇನೂ ಮಾಡುವುದಿಲ್ಲ, ಸುಮ್ನೆ ತೂಕ ಹೊರುತ್ತದೆ. 40 ಮಿ.ಮೀ. ಶಾಫ್ಟ್‌ನೊಳಗೆ 20 ಮಿ.ಮೀ. ಟೊಳ್ಳು ಮಾಡಿದರೆ ತೂಕ ಕಾಲುಭಾಗ ಇಳಿಯುತ್ತದೆ, ಗಟ್ಟಿತನ ಇಳಿಯುವುದು ಬರೀ ಹದಿನಾರನೇ ಒಂದು ಭಾಗ. ಅಂದರೆ ತೂಕದಲ್ಲಿ ಅದು 34.6 ಮಿ.ಮೀ.ನ ತುಂಬು ಶಾಫ್ಟ್‌ಗೆ ಸಮ, ಗಟ್ಟಿತನದಲ್ಲಿ 39.4ಕ್ಕೆ ಸಮ. ಇಬ್ಬರದ್ದೂ ನಡೆಯಿತು, ಬೇರಿಂಗ್ ಕೂಡ ಮಾಮೂಲಿ 40ರದ್ದೇ. ಆ ಸಾಲು ಲಾಗ್‌ನಲ್ಲಿ ಬಂದ ದಿನ ನನಗಾದ ಖುಷಿ ಇವತ್ತಿಗೂ ನೆನಪಿದೆ.

ಹಾಗಂತ ಜಗಳ ಪೂರ್ತಿ ಮುಗಿಯಿತು ಅಂತಲ್ಲ. ಉದ್ದಕ್ಕೂ ರಂಧ್ರ ಕೊರೆಯಲು ಖರ್ಚು ಜಾಸ್ತಿ. ಕೀ (ಶಾಫ್ಟ್‌ಗೆ ಚಕ್ರವನ್ನು ಬಿಗಿಯುವ ಸಣ್ಣ ತುಂಡು) ಕೂರಿಸುವ ತೋಡಿನ ಹತ್ತಿರ ಗೋಡೆ ತೆಳುವಾಗುತ್ತದೆ, ಅಲ್ಲಿ ಒತ್ತಡವನ್ನು ಮತ್ತೆ ಲೆಕ್ಕ ಹಾಕಬೇಕು. ಆದರೆ ‘ಆಗುವುದೇ ಇಲ್ಲ’ ಅನ್ನುವ ಜಾಗದಿಂದ ‘ಇಷ್ಟು ಖರ್ಚಾದರೆ ಆಗುತ್ತದೆ’ ಅನ್ನುವ ಜಾಗಕ್ಕೆ ಬಂದೆವು. ಅಷ್ಟು ಖರ್ಚು ಮಾಡಬೇಕಾ ಅನ್ನುವ ಪ್ರಶ್ನೆಗೆ ಉತ್ತರ ಕೊಡಲು ಒಬ್ಬ ಮನುಷ್ಯ ಇರುತ್ತಾನೆ, ಅಲ್ವಾ?

ಏಜೆಂಟ್‌ಗಳ ಜಗಳ ಬಿಡಿಸುವ ವಿಚಾರ ಹೊಸದಲ್ಲ. 1990ರ ಸುಮಾರಿಗೇ ಮಾರ್ಕ್ ಕ್ಲೈನ್ ಎಂಬ ಸಂಶೋಧಕರು ಒಂದು ಮಾತು ಒತ್ತಿ ಹೇಳಿದ್ದರು: ವಿನ್ಯಾಸದ ತಿಳಿವಳಿಕೆ ಬೇರೆ, ಜಗಳ ಬಿಡಿಸುವ ತಿಳಿವಳಿಕೆ ಬೇರೆ, ಎರಡನ್ನೂ ಬೇರೆ ಬೇರೆ ಇಡಿ. ನನ್ನ ಅನುಭವದಲ್ಲಿ ಇದಕ್ಕಿಂತ ಉಪಯೋಗವಾದ ಸಲಹೆ ಸಿಕ್ಕಿಲ್ಲ. ಶಾಫ್ಟ್ ಏಜೆಂಟ್‌ನ ಕೋಡ್ ಒಳಗೇ ‘ತೂಕದವನು ಬೇಡ ಅಂದರೆ ಹೀಗೆ ಮಾಡು’ ಅಂತ ಬರೆದರೆ, ನಾಲ್ಕನೇ ಏಜೆಂಟ್ ಬಂದ ದಿನ ಎಲ್ಲವನ್ನೂ ಮತ್ತೆ ಬಿಚ್ಚಬೇಕಾಗುತ್ತದೆ. ‘ಇಬ್ಬರೂ ಒಂದೇ ಸಂಪನ್ಮೂಲಕ್ಕೆ ಕೈ ಹಾಕಿದ್ದಾರೆ’, ‘ಒಂದು ಷರತ್ತು ಸಡಿಲಿಸಬಹುದಾದದ್ದು’ ಎಂಬಂಥ ಸಾಮಾನ್ಯ ಸೂತ್ರಗಳನ್ನು ಒಂದೇ ಕಡೆ ಇಡಿ. ಅವು ಪಂಪ್‌ಗೂ ಆಗುತ್ತವೆ, ಕಟ್ಟಡಕ್ಕೂ ಆಗುತ್ತವೆ.

ಇದಕ್ಕಾಗಿ ನೀವು ಮಾಡಬೇಕಾದ ಬದಲಾವಣೆ ಅಷ್ಟೇನೂ ದೊಡ್ಡದಲ್ಲ. ಏಜೆಂಟ್ ‘40’ ಅಂತ ಒಂದೇ ಸಂಖ್ಯೆ ಕಳಿಸಬಾರದು. ‘39ರಿಂದ ಮೇಲೆ ಯಾವುದಾದರೂ ಸರಿ, ಕಾರಣ ಬಾಗುವ ಮಿತಿ, ಆ ಮಿತಿ ಕೊಟ್ಟವರು ಇಂಥವರು, ಸಡಿಲಿಸಲು ಬರುವುದಿಲ್ಲ’ ಅಂತ ಕಳಿಸಬೇಕು. ಇಂಥ ನಾಲ್ಕು ಮಾಹಿತಿ ಇದ್ದರೆ ಎಷ್ಟೋ ಜಗಳ ಹುಟ್ಟುವ ಮೊದಲೇ ಕಾಣಿಸುತ್ತದೆ. ಅಂಕ ಕೊಡುವುದು ತಪ್ಪಲ್ಲ, ಆದರೆ ಅದನ್ನು ಇಷ್ಟಾನಿಷ್ಟಗಳಿಗೆ ಮಾತ್ರ ಇಟ್ಟುಕೊಳ್ಳಿ. ಮುರಿಯಬಾರದ ಷರತ್ತಿಗೂ ಅಂಕ ಕೊಟ್ಟರೆ, ತೂಕದಲ್ಲಿ ಚೆನ್ನಾಗಿ ಗಳಿಸಿದ ವಿನ್ಯಾಸವೊಂದು ಸುರಕ್ಷತೆಯಲ್ಲಿ ಸೋತರೂ ಮೊದಲ ಸ್ಥಾನಕ್ಕೆ ಬರುತ್ತದೆ.

ಸುತ್ತು ನಿಲ್ಲದ ವಿಷಯಕ್ಕೆ ಬಂದರೆ, ಸೋತ ಆಯ್ಕೆಗಳನ್ನು ಕಾರಣದ ಸಮೇತ ಬರೆದಿಡಿ. ‘35 ವ್ಯಾಸ, ಈ ಉಕ್ಕು, ಈ ಭಾರ: ಬಾಗುತ್ತದೆ’ ಅಂತ ದಾಖಲಾದ ಮೇಲೆ ಯಾರೂ ಅದನ್ನು ಮತ್ತೆ ಮುಂದಿಡಬಾರದು. ಉಕ್ಕು ಅಥವಾ ಭಾರ ಬದಲಾದರೆ ಮಾತ್ರ ಆ ದಾಖಲೆ ತೆರೆಯಬೇಕು. ನಮ್ಮಲ್ಲಿ ಅವೇ ಸಂಖ್ಯೆಗಳು ಮತ್ತೆ ಮತ್ತೆ ಬರುವುದು ನಿಂತದ್ದು ಇದರಿಂದಲೇ.

ಇನ್ನು ಎರಡು ಎಚ್ಚರಿಕೆ. ಮೊದಲು, ಇಬ್ಬರೂ ಒಂದೇ ವಿಷಯ ಮಾತಾಡುತ್ತಿದ್ದಾರಾ ನೋಡಿ. 1999ರಲ್ಲಿ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳದ ಹತ್ತಿರ ಕಳೆದುಹೋಯಿತು. ಒಂದು ಕಡೆಯ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಟ್ಟ ಸಂಖ್ಯೆಯನ್ನು ಇನ್ನೊಂದು ಕಡೆ ನ್ಯೂಟನ್ ಅಂದುಕೊಂಡಿದ್ದರು. ವ್ಯತ್ಯಾಸ ಸುಮಾರು ನಾಲ್ಕೂವರೆ ಪಟ್ಟು. ಅಲ್ಲಿ ಎರಡು ಸಾಫ್ಟ್‌ವೇರ್ ಜಗಳವಾಡಲೇ ಇಲ್ಲ. ಜಗಳವಾಡುವ ಏಜೆಂಟ್‌ಗಳಿಗಿಂತ ಸದ್ದಿಲ್ಲದೆ ತಪ್ಪಾಗಿ ಒಪ್ಪಿಕೊಳ್ಳುವ ಏಜೆಂಟ್‌ಗಳಿಗೇ ನಾನು ಹೆಚ್ಚು ಹೆದರುತ್ತೇನೆ. ಹಾಗಾಗಿ ಪ್ರತಿ ಸಂಖ್ಯೆಯ ಜೊತೆ ಯೂನಿಟ್ ಹೋಗಲೇಬೇಕು.

ಎರಡನೆಯದು, ನಿಮ್ಮ ಏಜೆಂಟ್‌ಗಳು ಭಾಷಾ ಮಾದರಿಗಳ (ಚಾಟ್‌ಜಿಪಿಟಿಯಂತೆ ಮಾತಿನಲ್ಲಿ ಉತ್ತರಿಸುವ ಪ್ರೋಗ್ರಾಮುಗಳ) ಮೇಲೆ ನಿಂತಿದ್ದರೆ ಇನ್ನಷ್ಟು ಹುಷಾರು. ಎದುರಿನವರು ಗಟ್ಟಿಯಾಗಿ ಹೇಳಿದರೆ ಅವು ಸುಲಭವಾಗಿ ‘ನೀವು ಹೇಳಿದ್ದೇ ಸರಿ’ ಅಂದುಬಿಡುತ್ತವೆ. ಒಪ್ಪಿಗೆ ಬಂತು ಅಂತ ನಂಬಬೇಡಿ. ಒಪ್ಪಿದ ವಿನ್ಯಾಸವನ್ನು ಮಾತು ಬಾರದ, ಲೆಕ್ಕ ಮಾತ್ರ ಬರುವ ಪ್ರೋಗ್ರಾಮಿನಲ್ಲಿ ಮತ್ತೆ ಹಾಕಿ ನೋಡಿ.

ಇಷ್ಟೆಲ್ಲ ಮಾಡಿದರೂ ಕೆಲವು ಜಗಳ ಉಳಿಯುತ್ತವೆ. ಷರತ್ತುಗಳೇ ಒಂದಕ್ಕೊಂದು ಕೂಡದಿದ್ದರೆ ಯಾವ ಏಜೆಂಟ್ ತಾನೇ ಏನು ಮಾಡೀತು? ಆಗ ಯಾವ ಎರಡು ಷರತ್ತು ಕೂಡುತ್ತಿಲ್ಲ, ಯಾವುದನ್ನು ಎಷ್ಟು ಸಡಿಲಿಸಿದರೆ ದಾರಿ ತೆರೆಯುತ್ತದೆ ಅನ್ನುವುದನ್ನು ಬರೆದು, ಆ ಷರತ್ತು ಕೊಟ್ಟವರ ಮುಂದೆ ಇಡಲು ಹೇಳಿ.

ನಿಮ್ಮ ಲಾಗ್‌ನಿಂದ ಒಂದು ಸುತ್ತಿನ ಹತ್ತಿಪ್ಪತ್ತು ಸಾಲು ಇಲ್ಲಿ ಹಾಕಿದರೆ, ಯಾವ ಏಜೆಂಟ್ ಕಾರಣ ಹೇಳದೆ ಬರೀ ಸಂಖ್ಯೆ ಎಸೆಯುತ್ತಿದೆ ಅಂತ ಒಟ್ಟಿಗೆ ನೋಡೋಣ.