‘ಪರವಾಗಿಲ್ಲ’ ಅನ್ನುವ ಅತ್ತೆಯ ನೋವು ರೂಪಾಯಿಗೆ ಎಷ್ಟಾಣೆ?

ಪ್ರಶ್ನೆ: ನಮ್ಮ ಅತ್ತೆಗೆ 68 ವರ್ಷ. ಸ್ತನ ಕ್ಯಾನ್ಸರ್ ಬೆನ್ನುಮೂಳೆ, ಸೊಂಟಕ್ಕೆ ಹರಡಿದೆ. ಹಾಸನದಲ್ಲಿ ವೈದ್ಯರು ಮಾರ್ಫಿನ್ 10 ಮಿ.ಗ್ರಾಂ ಮಾತ್ರೆ ಬರೆದು, ಅರ್ಧರ್ಧ ಕೊಡಲು ಹೇಳಿದ್ದಾರೆ. ‘ಅದು ಕೊನೆಗಾಲದ ಔಷಧ, ಚಟ ಹತ್ತುತ್ತೆ’ ಅಂತ ನೆಂಟರು ಹೆದರಿಸಿದ್ದರಿಂದ ತೀರಾ ತಡೆಯದಿದ್ದಾಗ ಮಾತ್ರ ಕೊಡುತ್ತೇವೆ. ಉಳಿದಂತೆ ಮೆಡಿಕಲ್‌ನಿಂದ ತಂದ ನೋವಿನ ಮಾತ್ರೆ ಡೈಕ್ಲೊಫೆನಾಕ್. ಕೇಳಿದರೆ ‘ಪರವಾಗಿಲ್ಲ’ ಅಂತಾರೆ, ಆದರೆ ರಾತ್ರಿಯೆಲ್ಲ ನಿದ್ದೆಯಿಲ್ಲ.
– ಓದುಗರು, ಸಕಲೇಶಪುರ ತಾಲ್ಲೂಕು

ಉತ್ತರ: ಮೊದಲು ಬಿಡಬೇಕಾದದ್ದು ಈ ‘ತಡೆಯದಿದ್ದಾಗ ಮಾತ್ರ’ ಅನ್ನುವ ಲೆಕ್ಕ. ಸಾಮಾನ್ಯ ಮಾರ್ಫಿನ್ ಮಾತ್ರೆ ಕೆಲಸ ಮಾಡುವುದು ಸುಮಾರು ನಾಲ್ಕು ಗಂಟೆ. ನೋವು ಏರಿದ ಮೇಲೆ ಕೊಟ್ಟರೆ ಅದು ಹಿಡಿಯಲು ಅರ್ಧದಿಂದ ಒಂದು ಗಂಟೆ ಬೇಕು, ಅಷ್ಟು ಹೊತ್ತೂ ಅವರು ನರಳಬೇಕು. ಆದ್ದರಿಂದ ಗಡಿಯಾರ ನೋಡಿ ಕೊಡಿ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6ಕ್ಕೆ ಅರ್ಧ ಮಾತ್ರೆ. ರಾತ್ರಿ 10ಕ್ಕೆ ಪೂರ್ತಿ ಒಂದು. ರಾತ್ರಿಯದು ದುಪ್ಪಟ್ಟಾದ್ದರಿಂದ 2 ಗಂಟೆಗೆ ಎಬ್ಬಿಸುವ ಕೆಲಸವಿಲ್ಲ. ಇದು ರೂಢಿಯ ಆರಂಭ ಕ್ರಮ. ನಿಮ್ಮ ಚೀಟಿಯಲ್ಲಿ ಬೇರೆ ಇದ್ದರೆ ಅದೇ ಸರಿ. ನಿಧಾನವಾಗಿ ಕರಗುವ ಬಗೆಯ ಮಾತ್ರೆಯಾದರೆ ಮಾತ್ರ ಯಾವ ಕಾರಣಕ್ಕೂ ಮುರಿಯಬೇಡಿ, ಪುಡಿ ಮಾಡಬೇಡಿ: ಹಲವು ಗಂಟೆಗಳ ಔಷಧ ಒಮ್ಮೆಗೇ ಮೈಗೆ ಸೇರುತ್ತದೆ.

ನಡುವೆ ನೋವು ಎದ್ದರೆ ಹೆಚ್ಚುವರಿ ಡೋಸ್ ಉಂಟು. ಇಡೀ ದಿನದ ಮೊತ್ತದ ಆರನೇ ಒಂದು ಭಾಗ. ನಿಮ್ಮಲ್ಲಿ 30ಕ್ಕೆ 5, ಅಂದರೆ ಮತ್ತೆ ಅರ್ಧ ಮಾತ್ರೆ. ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ಇದು ಬೇಕಾದರೆ ಮೂಲ ಡೋಸೇ ಸಾಲದು ಎಂದರ್ಥ. ನೀವಾಗಿ ಏರಿಸದೆ ವೈದ್ಯರಿಗೆ ಫೋನ್ ಮಾಡಿ.

ಇನ್ನು ಅಳತೆ. ‘ಹತ್ತರಲ್ಲಿ ಎಷ್ಟು?’ ಎಂದು ಆಸ್ಪತ್ರೆಯಲ್ಲಿ ಕೇಳುತ್ತಾರೆ, ಎಷ್ಟೋ ಹಿರಿಯರು ಅದಕ್ಕೆ ಸುಮ್ಮನೆ ನಗುತ್ತಾರೆ. ‘ನೋವು ರೂಪಾಯಿಗೆ ಎಷ್ಟಾಣೆ ಇದೆ ಅತ್ತೆ?’ ಅಂತ ಕೇಳಿ ನೋಡಿ. ‘ಹನ್ನೆರಡಾಣೆ’ (ಹದಿನಾರಕ್ಕೆ ಹನ್ನೆರಡು) ಎಂಬ ಉತ್ತರ ‘ಪರವಾಗಿಲ್ಲ’ಕ್ಕಿಂತ ಸಾವಿರ ಪಾಲು ಮೇಲು. ಮಾತ್ರೆ ಕೊಡುವ ಮುನ್ನ ಒಮ್ಮೆ, ಒಂದು ಗಂಟೆಯ ನಂತರ ಒಮ್ಮೆ ಕೇಳಿ, ನೋಟ್‌ಬುಕ್ಕಿನಲ್ಲಿ ಸಮಯದೊಂದಿಗೆ ಬರೆದಿಡಿ. ಮಲಗಿದ್ದಾಗ ಎಷ್ಟು, ಮಗ್ಗುಲು ಬದಲಿಸುವಾಗ ಎಷ್ಟು, ಬಚ್ಚಲಿಗೆ ಹೋಗುವಾಗ ಎಷ್ಟು ಎಂದು ಬೇರೆಬೇರೆಯಾಗಿ ಬರೆಯಿರಿ. ಅವರು ಬಾಯಿಬಿಡದ ದಿನ ಹುಬ್ಬು ನೋಡಿ, ಮುಷ್ಟಿ ನೋಡಿ, ಸೀರೆ ಬದಲಿಸುವಾಗ ಉಸಿರು ಬಿಗಿಹಿಡಿಯುತ್ತಾರಾ ನೋಡಿ.

ಅವರು ಬಳಸುವ ಪದವನ್ನೂ ಹಾಗೆಯೇ ಬರೆದುಕೊಳ್ಳಿ. ಇದಕ್ಕೆ ಕನ್ನಡದಷ್ಟು ಒಳ್ಳೆಯ ಉಪಕರಣ ಇನ್ನೊಂದಿಲ್ಲ. ‘ಕೊರೀತಿದೆ, ಅಲ್ಲಾಡಿದ್ರೆ ಜಾಸ್ತಿ’ ಎಂದರೆ ಹೆಚ್ಚಾಗಿ ಮೂಳೆಯದು. ಇದಕ್ಕೆ ಒಂದೇ ಸಲ 8 ಗ್ರೇ (ವಿಕಿರಣದ ಅಳತೆ) ವಿಕಿರಣ ಕೊಟ್ಟರೂ ಅನೇಕರಿಗೆ ಕೆಲವು ವಾರಗಳಲ್ಲಿ ಆರಾಮ ಸಿಗುತ್ತದೆ, ವೈದ್ಯರನ್ನು ಕೇಳಿ. ‘ಉರಿ, ಜುಮ್ಮು, ಕರೆಂಟ್ ಹೊಡೆದ ಹಾಗೆ’ ಎಂದರೆ ನರದ ನೋವು. ಅದಕ್ಕೆ ಮಾರ್ಫಿನ್ ಒಂದೇ ಸಾಲದೆ ಹೋಗಬಹುದು. ಗ್ಯಾಬಾಪೆಂಟಿನ್ ಅಥವಾ ಅಮಿಟ್ರಿಪ್ಟಿಲಿನ್ ಸೇರಿಸುತ್ತಾರೆ. ‘ಹಿಂಡುತ್ತೆ, ಬಿಡುತ್ತೆ’ ಎಂದರೆ ಕರುಳು. ಮಲಬದ್ಧತೆಯೇ ಹಾಗೆ ಮಾಡುತ್ತಿರಬಹುದು.

ಮಲಬದ್ಧತೆ ಮಾರ್ಫಿನ್‌ನ ಖಾಯಂ ತೊಂದರೆ, ಬಹುತೇಕ ಎಲ್ಲರಿಗೂ ಬರುತ್ತದೆ, ದಿನ ಕಳೆದಂತೆ ತಾನಾಗಿ ಹೋಗುವುದೂ ಇಲ್ಲ. ಮೊದಲ ದಿನದಿಂದಲೇ ರಾತ್ರಿಗೆ ಬಿಸಾಕೊಡಿಲ್ 5 ಮಿ.ಗ್ರಾಂನ ಎರಡು ಮಾತ್ರೆ ಸಾಮಾನ್ಯವಾಗಿ ಕೊಡುತ್ತಾರೆ. ಚೀಟಿಯಲ್ಲಿ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಇಸಬಗೋಲು ಬೇಡ. ನೀರು ಕಡಿಮೆ ಕುಡಿಯುವವರಲ್ಲಿ ಅದು ಉಬ್ಬಿ ಕರುಳಿನಲ್ಲೇ ಕಟ್ಟಿಕೊಳ್ಳಬಹುದು. ವಾಕರಿಕೆ, ಮಂಪರು ಹೆಚ್ಚಿನವರಲ್ಲಿ ಒಂದು ವಾರದೊಳಗೆ ಇಳಿಯುತ್ತವೆ.

ಡೈಕ್ಲೊಫೆನಾಕ್ ನಿಲ್ಲಿಸಿ, ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯೇಟಿನಿನ್ ರಕ್ತಪರೀಕ್ಷೆ ಮಾಡಿಸಿ. ಈ ವಯಸ್ಸಿನಲ್ಲಿ ಅದು ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ತರಬಹುದು, ಕಿಡ್ನಿಯನ್ನೂ ಕೆಡಿಸಬಹುದು. ಕಿಡ್ನಿ ಸೋತರೆ ಮಾರ್ಫಿನ್‌ನ ಉಪವಸ್ತುಗಳು ಹೊರಹೋಗದೆ ಮೈಯಲ್ಲೇ ಶೇಖರವಾಗುತ್ತವೆ. ಎಬ್ಬಿಸಿದರೂ ಏಳದ ಮಂಪರು, ಕೈಕಾಲು ಅದುರುವುದು, ಗೊಂದಲದ ಮಾತು ಕಂಡರೆ ಮುಂದಿನ ಡೋಸ್ ಕೊಡದೆ ತಕ್ಷಣ ವೈದ್ಯರಿಗೆ ತಿಳಿಸಿ. ಉಸಿರು ನಿಮಿಷಕ್ಕೆ 8ಕ್ಕಿಂತ ಕಡಿಮೆಯಾದರೆ 108 ಆಂಬುಲೆನ್ಸ್‌ಗೆ ಕರೆ ಮಾಡಿ.

ನೆಂಟರ ಮಾತಿಗೆ ಬರೋಣ. ಮಾರ್ಫಿನ್ ಕೊಡುವುದು ನೋವಿನ ಪ್ರಮಾಣ ನೋಡಿ, ಉಳಿದ ಆಯಸ್ಸನ್ನು ನೋಡಿ ಅಲ್ಲ. ವಿಕಿರಣದಿಂದ ನೋವು ಇಳಿದರೆ ಡೋಸ್ ಇಳಿಸುತ್ತಾ ನಿಲ್ಲಿಸಲೂಬಹುದು. ನೋವಿಗೆ ಲೆಕ್ಕ ಹಾಕಿ ಕೊಟ್ಟ ಮಾರ್ಫಿನ್‌ನಿಂದ ಚಟ ಹತ್ತುವುದು ಅಪರೂಪ. ಆದರೆ ಮೈ ಅದಕ್ಕೆ ಒಗ್ಗಿಕೊಳ್ಳುವುದರಿಂದ ಒಮ್ಮೆಗೇ ನಿಲ್ಲಿಸಿದರೆ ಬೆವರು, ಚಡಪಡಿಕೆ, ಭೇದಿ ಶುರುವಾಗಿ ನೋವು ಮರಳುತ್ತದೆ.

ಕಾಲಿನ ಶಕ್ತಿ ಕುಗ್ಗಿದರೆ, ಮೂತ್ರ ಕಟ್ಟಿದರೆ, ಸೊಂಟದ ಕೆಳಗೆ ಸ್ಪರ್ಶ ಗೊತ್ತಾಗದಿದ್ದರೆ ಬೆನ್ನುಹುರಿ ಒತ್ತಿಹೋಗುತ್ತಿದೆ ಎಂದು ಭಾವಿಸಿ ಅದೇ ದಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಳಗಾಗಲಿ ಎಂದು ಕಾದರೆ ಕಾಲು ಮತ್ತೆ ಬಾರದೆ ಹೋಗಬಹುದು.

ಮಾರ್ಫಿನ್ ಎಲ್ಲ ಮೆಡಿಕಲ್‌ಗಳಲ್ಲಿ ಸಿಗುವುದಿಲ್ಲ. 1985ರ ಮಾದಕವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಗಿ ನಿಯಮ ಸಡಿಲಗೊಂಡರೂ ಮಾನ್ಯತೆ ಪಡೆದ ಸಂಸ್ಥೆಗಳೇ ಕೊಡಬೇಕು. ಮಳೆಗಾಲದಲ್ಲಿ ಮರ ಬಿದ್ದು ನಿಮ್ಮ ಕಡೆಯ ರಸ್ತೆ ಬಂದ್ ಆಗುವುದು ನಿಮಗೇ ಗೊತ್ತು. ಒಂದು ವಾರದ ಮಾತ್ರೆ ಉಳಿದಿರುವಾಗಲೇ ಹಾಸನಕ್ಕೆ ಹೊರಡಿ. ಚೀಟಿಯ ಜೊತೆ ಆ ನೋಟ್‌ಬುಕ್ಕೂ ಇರಲಿ.